ಮಕ್ಕಳ ಪರೀಕ್ಷೆಯೋ, ಶಾಲೆಯ ಪರೀಕ್ಷೆಯೋ?



ಹೊಲದ ಮಣ್ಣನ್ನು ಪರೀಕ್ಷೆಗೆ ಕಳುಹಿಸುವ ಕ್ರಮ ತಮಗೆ ಗೊತ್ತಿದೆ. ಏಳೆಂಟು ಕಡೆ ಒಂದು ಗೇಣು ಆಳಕ್ಕೆ ಗುಂಡಿ ತೆಗೆದು, ಮಣ್ಣನ್ನು ಕೂಡಿಸಿ, ಅರ್ಧ ಕಿಲೋದಷ್ಟು ಚೀಲಕ್ಕೆ ತುಂಬಿ ಕಳುಹಿಸುತ್ತೇವೆ. ತಿಪ್ಪೆಯ ಪಕ್ಕದ ಮಣ್ಣನ್ನು ಯಾರೂ ತೆಗೆಯುವುದಿಲ್ಲ. ತೆಗೆದರೆ ವರದಿ ಚೆನ್ನಾಗಿ ಬರುತ್ತದೆ, ಬೆಳೆ ಬರುವುದಿಲ್ಲ. ಇನ್ನೊಂದು ಪರೀಕ್ಷೆ ಮಂಡಿಯದು. ಕೋಲಾರದ ಮಾರುಕಟ್ಟೆಯಲ್ಲಿ ಟೊಮೇಟೊ ನೋಡಿ ದರ ಕೂಗುತ್ತಾರೆ, ಅಲ್ಲಿಗೆ ಆಯಿತು. ಮೊದಲನೆಯದು ಕೊರತೆ ತೋರಿಸಿ ಮುಂದಿನ ಬೆಳೆಗೆ ದಾರಿ ಹೇಳುತ್ತದೆ. ಎರಡನೆಯದು ಬೆಲೆ ಕಟ್ಟಿ ಮುಗಿಸುತ್ತದೆ. ನಮ್ಮ ರಾಜ್ಯದಲ್ಲಿ ಶಾಲಾ ಪರೀಕ್ಷೆಯ ಬಗ್ಗೆ ನಡೆದ ವಾದವನ್ನು ತಿಳಿಯಲು ಈ ಎರಡರ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಸಾಕು.

2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸಕೂಡದು, ಬೋರ್ಡ್ ಪರೀಕ್ಷೆ ಪಾಸಾಗಲೇಬೇಕೆಂದು ಒತ್ತಾಯಿಸಕೂಡದು ಎಂದು ಅದರಲ್ಲಿತ್ತು. ಪರೀಕ್ಷೆಯೇ ಬೇಡವೆಂದು ಅದು ಹೇಳಲಿಲ್ಲ. ವರ್ಷವಿಡೀ ಮಗುವಿನ ಕಲಿಕೆಯನ್ನು ನೋಡುತ್ತಿರಬೇಕೆಂದು ಹೇಳಿತು. ಆದರೆ ಅನೇಕ ಕಡೆ ಜನ ಇದನ್ನು 'ಓದದಿದ್ದರೂ ಪಾಸು' ಎಂದೇ ತಿಳಿದರು. 2019ರಲ್ಲಿ ಕಾಯಿದೆ ತಿದ್ದುಪಡಿಯಾಯಿತು. 5 ಮತ್ತು 8ನೆಯ ತರಗತಿಯ ಕೊನೆಗೆ ಪರೀಕ್ಷೆ. ಹಿಂದುಳಿದ ಮಗುವಿಗೆ ಹೆಚ್ಚಿನ ಪಾಠ, ಎರಡು ತಿಂಗಳೊಳಗೆ ಮರುಪರೀಕ್ಷೆ. ಆಮೇಲೂ ಆಗದಿದ್ದರೆ ಉಳಿಸಬೇಕೋ ಬೇಡವೋ ಎಂಬುದು ಆಯಾ ಸರ್ಕಾರದ ತೀರ್ಮಾನ.

ಕರ್ನಾಟಕದಲ್ಲಿ 2023ರ ಮಾರ್ಚಿಯಲ್ಲಿ ಈ ಎರಡು ತರಗತಿಗಳಿಗೆ ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆಯ ಪರೀಕ್ಷೆ ನಡೆಯಿತು; ಯಾರನ್ನೂ ನಪಾಸು ಮಾಡಲಿಲ್ಲ. ಮರುವರ್ಷ 9 ಮತ್ತು 11ನೆಯ ತರಗತಿಗಳನ್ನೂ ಸೇರಿಸಿದರು. ಖಾಸಗಿ ಶಾಲೆಗಳವರು ನ್ಯಾಯಾಲಯಕ್ಕೆ ಹೋದರು. 2024ರ ಮಾರ್ಚಿ 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ಪರೀಕ್ಷೆಯ ಅಧಿಸೂಚನೆಯನ್ನು ರದ್ದು ಮಾಡಿತು. ಮರುದಿನವೇ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ಕೊಟ್ಟಿತು. 11ರಂದು ಮಕ್ಕಳು ಬರೆಯಲು ಕುಳಿತರು. 12ರಂದು ಸುಪ್ರೀಂ ಕೋರ್ಟ್ ನಿಲ್ಲಿಸಿತು. 22ರಂದು ಹೈಕೋರ್ಟ್ ಪುನಃ ಒಪ್ಪಿ, 25ರಿಂದ ಉಳಿದ ವಿಷಯಗಳ ಪರೀಕ್ಷೆಯಾಯಿತು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೂ ತಡೆ ಹಾಕಿತು. ಹತ್ತು ವರ್ಷದ ಮಗುವಿಗೆ ಇದರಿಂದ ಏನು ಅರ್ಥವಾಗಬೇಕು? ಕಾನೂನಿನ ಕ್ರಮ ಸರಿಯಾಗಿದೆಯೇ ಎಂಬುದು ದೊಡ್ಡವರ ಜಗಳ. ಅದನ್ನು ಡಿಸೆಂಬರಿನೊಳಗೆ ತೀರಿಸಿಕೊಳ್ಳಬಹುದಾಗಿತ್ತು.

ಇನ್ನು ತಿಪ್ಪೆಯ ಪಕ್ಕದ ಮಣ್ಣಿನ ವಿಚಾರ. 2023ರಲ್ಲಿ ಎಸ್.ಎಸ್.ಎಲ್.ಸಿ.ಯಲ್ಲಿ ನೂರಕ್ಕೆ 83.89 ಮಂದಿ ಪಾಸಾದರು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾ ಇಟ್ಟು, ನಡೆಯುವುದನ್ನು ದೂರದಿಂದಲೇ ನೋಡುವ ಏರ್ಪಾಡಾಯಿತು. ಆ ವರ್ಷ ಪಾಸಾದವರು 73.40, ಅದೂ ಧಾರಾಳವಾಗಿ ಕೃಪಾಂಕ ಕೊಟ್ಟ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಕಡಿಮೆಯಾಯಿತೆಂದು ಯಾರೂ ಹೇಳಲಾರರು. ಫಲಿತಾಂಶ ಕಡಿಮೆಯಾದರೆ ಶಿಕ್ಷಕರಿಗೆ ನೋಟೀಸು, ಹೆಚ್ಚಾದರೆ ಹಾರ ಎಂದಾದಲ್ಲಿ, ಅಂಕವನ್ನು ಹೇಗಾದರೂ ಮಾಡಿ ಏರಿಸುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಬುದ್ಧಿವಂತ ಮಗುವನ್ನು ಪಕ್ಕಕ್ಕೆ ಕೂರಿಸಿ ತೋರಿಸೆನ್ನುವ ನಾವೂ ಇದರಲ್ಲಿ ಪಾಲುದಾರರೇ.

ಹಾಗೆಂದು ಅಳತೆಯೇ ಬೇಡವೆನ್ನುವುದು ಸರಿಯಲ್ಲ. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಅಜೀಂ ಪ್ರೇಂಜಿ ಪ್ರತಿಷ್ಠಾನವೂ ಸರ್ಕಾರವೂ ಸೇರಿ ಒಂದು ಪ್ರಯೋಗ ಆರಂಭಿಸಿದವು. ಶಾಲೆಗಳು ತಾವಾಗಿಯೇ ಮುಂದೆ ಬಂದು ಮಕ್ಕಳ ಕಲಿಕೆಯನ್ನು ಹೊರಗಿನವರಿಂದ ಪರೀಕ್ಷಿಸಿಕೊಂಡವು. 2005-06ರಿಂದ ಶಾಲೆಗಳ ಗುಣಮಟ್ಟ ಅಳೆಯಲು ಸರ್ಕಾರವೇ ಒಂದು ಸಂಸ್ಥೆಯನ್ನು ನಡೆಸಿತು. ಇವು ಮಣ್ಣು ಪರೀಕ್ಷೆಯ ಜಾತಿಯವು. ಮಗು ನಪಾಸಾಗುವ ಭಯ ಇವುಗಳಲ್ಲಿ ಇರಲಿಲ್ಲ.

ನಮ್ಮ ಕಡೆಯ ಒಂದು ವಿಶೇಷವನ್ನು ರಾಜ್ಯದ ಪ್ರಶ್ನೆಪತ್ರಿಕೆ ಕಾಣದು. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಮಾಲೂರಿನ ಗಡಿಯಲ್ಲಿ ತಮಿಳೂ ಕೇಳುತ್ತದೆ. ಹಾಲಿನ ಡೇರಿಯ ಲೆಕ್ಕವನ್ನು ಬಾಯಲ್ಲೇ ಹೇಳುವ ಹುಡುಗಿ, ಅದೇ ಲೆಕ್ಕ ಪುಸ್ತಕದ ಕನ್ನಡದಲ್ಲಿ ನಾಲ್ಕು ಸಾಲು ಬಂದರೆ ತಡವರಿಸುತ್ತಾಳೆ. ಅವಳಿಗೆ ಸಿಕ್ಕುವ ಕಡಿಮೆ ಅಂಕ ಗಣಿತದ್ದೋ, ಭಾಷೆಯದ್ದೋ? ಅಂಕಪಟ್ಟಿ ಹೇಳುವುದಿಲ್ಲ, ಹತ್ತಿರ ಕುಳಿತು ಓದಿಸಿದ ಮೇಷ್ಟ್ರು ಹೇಳಬಲ್ಲರು. ಕಾಯಿದೆಯ 24ನೆಯ ಕಲಮು ಶಿಕ್ಷಕರು ಪೋಷಕರ ಸಭೆ ಕರೆದು ಮಗುವಿನ ಹಾಜರಿ, ಕಲಿಕೆ, ಪ್ರಗತಿ ತಿಳಿಸತಕ್ಕದ್ದೆಂದು ವಿಧಿಸಿದೆ. ಆ ಸಭೆಗೆ ತಾವು ಹೋಗಬೇಕು. ನೀರು ಕಟ್ಟುವ ದಿನವಾದರೆ ಮನೆಯ ಹೆಂಗಸರು ಹೋಗಲಿ, ಅವರೇ ಹೆಚ್ಚು ಕೇಳುತ್ತಾರೆ.

ನಮ್ಮ ರಾಜ್ಯದಲ್ಲಿ 2001ರಿಂದ ಸರ್ಕಾರಿ ಶಾಲೆಗಳಿಗೆ ಎಸ್.ಡಿ.ಎಂ.ಸಿ. ಇದೆ. ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು ಇರಬೇಕೆಂಬುದು ಕಾಯಿದೆಯ ಮಾತು. ಶಾಲೆಯ ಕೆಲಸವನ್ನು ನೋಡುವುದು, ಅನುದಾನದ ಖರ್ಚು ನೋಡುವುದು, ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದು ಅದರ ಅಧಿಕಾರ. ಬಣ್ಣ, ಕಾಂಪೌಂಡು, ಧ್ವಜಾರೋಹಣದ ಸಿಹಿ ಇಷ್ಟರಲ್ಲೇ ಸಭೆ ಮುಗಿಯಬಾರದು. ಐದನೆಯ ತರಗತಿಯಲ್ಲಿ ಎಷ್ಟು ಮಕ್ಕಳು ಪಾಠವನ್ನು ತಡೆಯಿಲ್ಲದೆ ಓದುತ್ತಾರೆ? ಭಾಗಾಕಾರ ಎಷ್ಟು ಮಂದಿಗೆ ಬರುತ್ತದೆ? ಬಾರದವರಿಗೆ ಪಾಠ ಯಾವ ಹೊತ್ತಿನಲ್ಲಿ, ಯಾರಿಂದ? ಶಿಕ್ಷಕರ ಹುದ್ದೆ ಖಾಲಿ ಇದ್ದರೆ ಅದನ್ನೂ ಬರೆಸಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿಸಬೇಕು. ಮೇಷ್ಟ್ರೇ ಇಲ್ಲದ ತರಗತಿಯ ಅಂಕಕ್ಕೆ ಮಗುವನ್ನು ಹೊಣೆ ಮಾಡುವುದು ನ್ಯಾಯವಲ್ಲ.

ಮರುಪರೀಕ್ಷೆಯ ಎರಡು ತಿಂಗಳ ಮಾತು ಮೇಲೆ ಬಂತು. ಫಲಿತಾಂಶ ಬೇಸಿಗೆಯಲ್ಲಿ ಬಂದರೆ ಆ ಎರಡು ತಿಂಗಳು ಶ್ರೀನಿವಾಸಪುರದಲ್ಲಿ ಮಾವಿನ ಕೊಯ್ಲಿನ ಕಾಲ. ತೋಪಿನಲ್ಲಿ ಕಾಯಿ ಆರಿಸಲು ಕೈ ಬೇಕೆಂದು ಮಕ್ಕಳನ್ನು ಕರೆದೊಯ್ಯುವುದುಂಟು. ಹೆಚ್ಚಿನ ಪಾಠ ಬೇಕಾದ ಮಗು ನಿಮ್ಮ ಮನೆಯಲ್ಲಿದ್ದರೆ, ಮುಂಜಾನೆಯ ಎರಡು ಗಂಟೆ ಶಾಲೆಗೆ ಬಿಟ್ಟುಕೊಡುವ ವಿಚಾರವನ್ನು ಕಾಯಿ ಬಲಿಯುವ ಮೊದಲೇ ಮೇಷ್ಟ್ರ ಸಂಗಡ ಮಾತನಾಡಿಕೊಳ್ಳಿ.