ಹಳೆಯ ಸರ್ವರ್ ಖಾಲಿ ಮಾಡುವ ಮುನ್ನ

ಪ್ರಶ್ನೆ: ನಮ್ಮ ವಿಭಾಗದ ಓಪನ್‌ಎಎಫ್‌ಎಸ್ ಜಾಲದಿಂದ ಹಳೆಯ ಸರ್ವರ್ ಒಂದನ್ನು ತೆಗೆಯಬೇಕಿದೆ. ಅದರ ಹೋಮ್ ವಾಲ್ಯೂಮ್‌ಗಳನ್ನು ಹೊಸ ಸರ್ವರ್‌ಗೆ ಕಾಪಿ ಮಾಡಿದರೆ ಸಾಕೇ? ಬಳಕೆದಾರರ ಕೆಲಸ ನಿಲ್ಲುತ್ತದೆಯೇ?

ಉತ್ತರ: ನಿಮಗೆ ಬೇಕಿರುವುದು ‘ವೋಸ್ ಕಾಪಿ’ ಕಮಾಂಡ್ ಅಲ್ಲ, ‘ವೋಸ್ ಮೂವ್’. ಕಾಪಿ ಮಾಡಿದರೆ ಬೇರೆ ಹೆಸರು, ಬೇರೆ ಐಡಿಯ ಹೊಸ ವಾಲ್ಯೂಮ್ ಹುಟ್ಟುತ್ತದೆ. ಬಳಕೆದಾರರು ಹಳೆಯದರಲ್ಲೇ ಬರೆಯುತ್ತಿರುತ್ತಾರೆ. ಮೂವ್ ಮಾಡಿದರೆ ಹೆಸರು, ಐಡಿ ಎರಡೂ ಹಾಗೇ ಉಳಿಯುತ್ತವೆ, ಫೈಲ್‌ಗಳ ಪಾತ್ ಬದಲಾಗದು. ಮೊದಲು ವಾಲ್ಯೂಮ್‌ನ ಆ ಕ್ಷಣದ ಪ್ರತಿ, ಅಂದರೆ ಕ್ಲೋನ್, ಸಾಗುತ್ತದೆ, ಆಮೇಲೆ ಅಷ್ಟರಲ್ಲಿ ಬದಲಾದದ್ದು ಮಾತ್ರ. ಬರೆಯಲು ತಡೆಯಾಗುವುದು ಈ ಕೊನೆಯ ಹಂತದಲ್ಲಿ, ಸಾಮಾನ್ಯವಾಗಿ ಸ್ವಲ್ಪ ಹೊತ್ತು. ಆದರೂ ದೊಡ್ಡ ವಾಲ್ಯೂಮ್‌ಗಳನ್ನು ರಾತ್ರಿಗೆ ಇಟ್ಟುಕೊಳ್ಳಿ.

ಮುಂಚೆ ‘ವೋಸ್ ಪಾರ್ಟ್‌ಇನ್ಫೋ’ದಲ್ಲಿ ಎರಡೂ ಕಡೆಯ ಖಾಲಿ ಜಾಗ ನೋಡಿ; ಕ್ಲೋನ್‌ಗೆ ಹಳೆಯ ಕಡೆಯೂ ಸ್ವಲ್ಪ ಜಾಗ ಬೇಕು. ರೀಡ್-ಓನ್ಲಿ ಪ್ರತಿಗಳು ಮೂವ್ ಜತೆ ಬರುವುದಿಲ್ಲ, ಬಹಳ ಜನ ಎಡವುವುದು ಇಲ್ಲೇ. ಅವಕ್ಕೆ ಹೊಸ ಸರ್ವರ್‌ನಲ್ಲಿ ‘ಆಡ್‌ಸೈಟ್’, ‘ರಿಲೀಸ್’ ಮಾಡಿ, ನಂತರ ಹಳೆಯದನ್ನು ‘ರಿಮೂವ್’ ಮಾಡಿ. ಬ್ಯಾಕಪ್ ವಾಲ್ಯೂಮ್ ಅಳಿಸಿಹೋಗುತ್ತದೆ, ಮತ್ತೆ ಸೃಷ್ಟಿಸಿ.

ನಡುವೆ ಕಂಟ್ರೋಲ್-ಸಿ ಒತ್ತಬೇಡಿ. ಸಾಗಣೆ ಅರ್ಧಕ್ಕೆ ನಿಂತು, ಒಂದೇ ವಾಲ್ಯೂಮ್ ಎರಡೂ ಸರ್ವರ್‌ಗಳಲ್ಲಿ ಕಂಡರೆ ಯಾವುದನ್ನೂ ಅಳಿಸದೆ ಎಎಫ್‌ಎಸ್ ಬಲ್ಲ ಅಡ್ಮಿನ್‌ರನ್ನು ಕರೆಸಿ.