ಅಂಡಮಾನ್: ಸ್ನಾರ್ಕೆಲಿಂಗ್ ತೀರ, ತಂಗುವ ಜಾಗ – ಮುಖ್ಯಾಂಶಗಳು

• ಮೊದಲು ಹೆಸರುಗಳು. 2018ರ ಡಿಸೆಂಬರ್ 30ರಂದು ಹ್ಯಾವ್‌ಲಾಕ್ ‘ಸ್ವರಾಜ್ ದ್ವೀಪ’ವಾಯಿತು, ನೀಲ್ ‘ಶಹೀದ್ ದ್ವೀಪ’ವಾಯಿತು. ಪೋರ್ಟ್ ಬ್ಲೇರ್ 2024ರ ಸೆಪ್ಟೆಂಬರ್‌ನಿಂದ ‘ಶ್ರೀ ವಿಜಯ ಪುರಂ’. ಜನರ ಬಾಯಲ್ಲಿ ಹಳೆಯ ಹೆಸರುಗಳೂ ಉಳಿದಿವೆ, ಎರಡೂ ಗೊತ್ತಿರಲಿ.

• ರಾಧಾನಗರ (ಸ್ವರಾಜ್ ದ್ವೀಪದ ಪಶ್ಚಿಮ ತೀರ): 2004ರಲ್ಲಿ ‘ಟೈಮ್’ ಪತ್ರಿಕೆ ಏಷ್ಯಾದ ಅತ್ಯುತ್ತಮ ಕಡಲತೀರವೆಂದು ಹೊಗಳಿತು. 2020ರಲ್ಲಿ ಸ್ವಚ್ಛ ಕಡಲತೀರಗಳಿಗೆ ಸಿಗುವ ಬ್ಲೂ ಫ್ಲ್ಯಾಗ್ ಮನ್ನಣೆ. ಅದೇ ಪಟ್ಟಿಯಲ್ಲಿ ನಮ್ಮ ಪಡುಬಿದ್ರಿ ಮತ್ತು ಕಾಸರಕೋಡು ಕೂಡ ಇದ್ದವು. ಆದರೆ ಸ್ನಾರ್ಕೆಲಿಂಗ್‌ಗೆ ಇದು ತಕ್ಕ ಜಾಗವಲ್ಲ. ನೀರಿನಡಿ ಇರುವುದು ಬಹುಪಾಲು ಮರಳು. ಮೀನು, ಹವಳ ನೋಡಲೆಂದೇ ಹೋಗುವವರು ಇಲ್ಲಿ ದುಬಾರಿ ಕೋಣೆ ಹಿಡಿಯುವ ಅಗತ್ಯವಿಲ್ಲ. ಒಂದು ಸಂಜೆ ಬಂದು ಹೋದರೆ ಸಾಕು.

• ಎಲಿಫೆಂಟ್ ಬೀಚ್: ಸ್ವರಾಜ್ ದ್ವೀಪದಲ್ಲಿ ಸ್ನಾರ್ಕೆಲಿಂಗ್ ಎಂದರೆ ಇದೇ. ಜೆಟ್ಟಿಯಿಂದ ದೋಣಿಯಲ್ಲಿ ಹೋಗಬಹುದು, ಕಾಡಿನ ದಾರಿಯಲ್ಲಿ ನಡೆದೂ ತಲುಪಬಹುದು. ಹವಳ ದಡದ ಹತ್ತಿರದಲ್ಲೇ ಶುರುವಾಗುವುದರಿಂದ ಈಜು ಬಾರದವರೂ ಲೈಫ್ ಜಾಕೆಟ್ ತೊಟ್ಟು, ಗೈಡ್ ಎಳೆಯುವ ರಬ್ಬರ್ ಟ್ಯೂಬು ಹಿಡಿದು ನೋಡಬಹುದು. ಕಿವಿ ನೀರೊಳಗಿಟ್ಟು ಸುಮ್ಮನಿದ್ದರೆ ಗಿಳಿಮೀನು ಹವಳ ಕೆರೆದು ತಿನ್ನುವ ‘ಕರಕರ’ ಸದ್ದು ಕೂಡ ಕೇಳಿಸೀತು.

• ತಂಗಲು: ಜೆಟ್ಟಿ ಇರುವ ಗೋವಿಂದನಗರ, ಅದರಾಚೆಯ ವಿಜಯನಗರ. ಹೋಂಸ್ಟೇಯಿಂದ ರೆಸಾರ್ಟ್‌ವರೆಗೆ ಎಲ್ಲವೂ ಇಲ್ಲಿವೆ, ಬೆಳಗಿನ ದೋಣಿಗೂ ಅನುಕೂಲ. ಒಂದು ಎಚ್ಚರಿಕೆ: ಈ ಪೂರ್ವ ತೀರದಲ್ಲಿ ಇಳಿತದ ಹೊತ್ತಿಗೆ ನೀರು ಬಹುದೂರ ಸರಿದು ಕಲ್ಲು ಮೇಲೇಳುತ್ತದೆ. ‘ಸಮುದ್ರಕ್ಕೆ ಮುಖಮಾಡಿದ ಕೋಣೆ’ ಎಂದರೆ ದಿನವಿಡೀ ಈಜಬಹುದಾದ ಸಮುದ್ರವೆಂದಲ್ಲ. ಕೋಣೆಯ ಫೋಟೊಗಿಂತ ಉಬ್ಬರವಿಳಿತದ ವೇಳಾಪಟ್ಟಿ ಮುಖ್ಯ.

• ಶಹೀದ್ ದ್ವೀಪ: ಭರತ್‌ಪುರ ಬೀಚ್ ಜೆಟ್ಟಿಗೆ ತಾಗಿಕೊಂಡೇ ಇದೆ, ಉಬ್ಬರದಲ್ಲಿ ಸ್ನಾರ್ಕೆಲಿಂಗ್. ಲಕ್ಷ್ಮಣಪುರದ ಕಲ್ಲಿನ ಕಮಾನಿಗೆ ಇಳಿತದಲ್ಲೇ ಹೋಗಬೇಕು. ಸಣ್ಣ ದ್ವೀಪ, ಎಲ್ಲಿ ಉಳಿದರೂ ಎಲ್ಲವೂ ಹತ್ತಿರ. ಚಿಕ್ಕ ಮಕ್ಕಳಿರುವ ಕುಟುಂಬಕ್ಕೆ ನಾನು ಮೊದಲು ಹೇಳುವುದು ಇದನ್ನೇ.

• ಜಾಲಿ ಬಾಯ್, ರೆಡ್ ಸ್ಕಿನ್: ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ (ಸ್ಥಾಪನೆ: 1983) ದ್ವೀಪಗಳು. ಹವಳಕ್ಕೆ ವಿಶ್ರಾಂತಿ ಸಿಗಲೆಂದು ವರ್ಷದಲ್ಲಿ ಸರದಿಯಂತೆ ತೆರೆಯುತ್ತಾರೆ. ಅನುಮತಿ ಪತ್ರ ಬೇಕು, ಪ್ಲಾಸ್ಟಿಕ್ ಒಯ್ಯುವಂತಿಲ್ಲ, ರಾತ್ರಿ ತಂಗುವಂತಿಲ್ಲ. ವಾಸ್ತವ್ಯ ಶ್ರೀ ವಿಜಯ ಪುರಂನಲ್ಲಿ.

• ಕಾಲ: ಡಿಸೆಂಬರ್‌ನಿಂದ ಏಪ್ರಿಲ್. ಮೇ ತಿಂಗಳಿಂದ ನೈಋತ್ಯ ಮುಂಗಾರು. ಕಡಲು ಒರಟು, ನೀರು ಕದಡು.

• ಹೊತ್ತು: ಅಂಡಮಾನ್ ಸುಮಾರು 93 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಗಡಿಯಾರ ಮಾತ್ರ ಭಾರತೀಯ ಕಾಲಮಾನದ 82.5 ಡಿಗ್ರಿಯದು. ಹಾಗಾಗಿ ಚಳಿಗಾಲದಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲು ಕವಿಯುತ್ತದೆ. ಬೆಳಗ್ಗೆಯೇ ನೀರಿಗಿಳಿಯಿರಿ.

• ಮೊಸಳೆ: 2010ರಲ್ಲಿ ಸ್ವರಾಜ್ ದ್ವೀಪದಲ್ಲಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ವಿದೇಶಿ ಯುವತಿಯೊಬ್ಬರು ಉಪ್ಪುನೀರಿನ ಮೊಸಳೆಗೆ ಬಲಿಯಾದರು. ಎಚ್ಚರಿಕೆ ಫಲಕವಿರುವ ಕಡೆ, ಮ್ಯಾಂಗ್ರೋವ್ ಕಾಲುವೆಯ ಬಾಯಲ್ಲಿ ಇಳಿಯಲೇಬಾರದು.

• ಕಾನೂನು: ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ದಡದಲ್ಲಿ ಬಿದ್ದ ಸತ್ತ ತುಂಡನ್ನೂ ಬ್ಯಾಗಿಗೆ ಹಾಕಿಕೊಳ್ಳುವಂತಿಲ್ಲ. ಹವಳ ಕಲ್ಲಲ್ಲ, ಜೀವಿಗಳ ಸಮೂಹ. ಅದರ ಮೇಲೆ ಕಾಲೂರಿ ನಿಲ್ಲಬೇಡಿ, ದಯವಿಟ್ಟು.