ಒಣಗಿದ ವೈಸರ್ ಉಜ್ಜಬೇಡ

ಪುಟ್ಟಿ,

ಹೊಸ ಕೆಲಸ, ಹೊಸ ಬೈಕು, ವಾರವಾರವೂ ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಓಡಾಟ. ಬ್ರೇಕು, ಟೈರುಗಳ ಬಗ್ಗೆ ನಿಮ್ಮಪ್ಪ ಹೇಳಿಯೇ ಇರುತ್ತಾರೆ. ಮಾವನಾಗಿ ನಾನು ಹೇಳಬೇಕೆಂದಿರುವುದು ನಿನ್ನ ಹೆಲ್ಮೆಟ್ಟಿನ ವೈಸರ್ ಬಗ್ಗೆ. ಗುಂಡಿ, ಹಂಪು, ಎದುರು ಬರುವ ಲಾರಿ, ತಿರುವಿನಲ್ಲಿ ಮಲಗಿದ ದನ, ಇಷ್ಟನ್ನೂ ನೀನು ಅದರ ಮೂಲಕವೇ ನೋಡಬೇಕು. ಮೊನ್ನೆ ನೀನು ಬಂದಾಗ ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಮೈತುಂಬ ಸಣ್ಣ ಗೀರುಗಳು, ಎಲ್ಲವೂ ಸುತ್ತುಸುತ್ತಾಗಿ. ರಸ್ತೆಯ ಕಲ್ಲು ಹಾಗೆ ಗೀರುವುದಿಲ್ಲ. ಅವು ಒರೆಸುವಾಗ ಬಿದ್ದ ಗೀರುಗಳು. ಬಹಳಷ್ಟು ವೈಸರುಗಳು ಹಾಳಾಗುವುದು ಹೀಗೇ, ಶುಚಿ ಮಾಡುವ ಕೈಯಲ್ಲೇ.

ವೈಸರ್ ಗಾಜಿನದಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನದು. 1953ರಲ್ಲಿ ಜರ್ಮನಿಯ ಹೆರ್ಮನ್ ಶ್ನೆಲ್, ಅಮೆರಿಕದ ಡೇನಿಯಲ್ ಫಾಕ್ಸ್ ಇಬ್ಬರೂ ಬೇರೆಬೇರೆಯಾಗಿ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕಂಡುಕೊಂಡ ವಸ್ತು. ಚಂದ್ರನ ಮೇಲೆ ಇಳಿದ ಅಪೊಲೊ ಯಾತ್ರಿಗಳ ತಲೆಗವಸಿನ ಗುಮ್ಮಟವೂ ಇದರದ್ದೇ. ಪೆಟ್ಟು ತಾಳುವುದರಲ್ಲಿ ಇದು ಗಟ್ಟಿಗ. ಲಾರಿ ಚಕ್ರದಿಂದ ಚಿಮ್ಮಿದ ಜಲ್ಲಿ ಬಡಿದರೆ ಗಾಜಿನ ಹಾಗೆ ಚೂರುಚೂರಾಗಿ ಕಣ್ಣಿಗೆ ನುಗ್ಗುವುದಿಲ್ಲ. ಆದರೆ ಇದರ ಮೈ ಮೆದು, ಬೇಗ ಗೀರು ಬೀಳುತ್ತದೆ. ಅದಕ್ಕೇ ಒಳ್ಳೆಯ ಕಂಪನಿಗಳು ಮೇಲೊಂದು ಗಟ್ಟಿ ಲೇಪ ಕೊಟ್ಟಿರುತ್ತವೆ, ಕೂದಲೆಳೆಗಿಂತ ಎಷ್ಟೋ ತೆಳುವಾದದ್ದು. ರಸ್ತೆಯ ದೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತದೆ. ಅದು ಈ ಲೇಪಕ್ಕಿಂತ ಗಡುಸು. ದೂಳು ಕೂತ ವೈಸರನ್ನು ದುಪಟ್ಟಾದಿಂದಲೋ ಜಾಕೆಟ್ಟಿನ ತೋಳಿನಿಂದಲೋ ಒಣದಾಗಿ ಒರೆಸುವುದೂ ಉಪ್ಪುಕಾಗದ ಹಿಡಿದು ತಿಕ್ಕುವುದೂ ಒಂದೇ.

ಹಾಗಾದರೆ ಏನು ಮಾಡಬೇಕು? ಮೊದಲು ನೆನೆಸಬೇಕು. ನಿನ್ನ ದಾರಿಯಲ್ಲಿ ಮುಸ್ಸಂಜೆ ಹೊತ್ತಿಗೆ ಹುಳಗಳ ಕಾಟ ಜಾಸ್ತಿ. ಅದರಲ್ಲೂ ಮೊದಲ ಮಳೆ ಬಿದ್ದ ಮೇಲೆ ಗೆದ್ದಲಿಗೆ ರೆಕ್ಕೆ ಬಂದು ಏಳುವ ದಿನಗಳಲ್ಲಿ, ಮನೆ ಮುಟ್ಟುವಷ್ಟರಲ್ಲಿ ವೈಸರ್ ತುಂಬ ಅವುಗಳದೇ ಕಲೆ. ಒಣಗಿದರೆ ಅಂಟಿನಂತೆ ಕಚ್ಚಿಕೊಳ್ಳುತ್ತದೆ. ಆಗ ಉಗುರಿನಿಂದ ಕೆರೆಯಬೇಡ. ಹಳೆಯ ಹತ್ತಿ ಬನಿಯನ್ನನ್ನೋ ಮೆತ್ತನೆಯ ಪಂಚೆಯ ತುಂಡನ್ನೋ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಹಿಂಡದೆ ಹಾಗೇ ವೈಸರಿನ ಮೇಲೆ ಹೊದಿಸು. ಹತ್ತು ಹದಿನೈದು ನಿಮಿಷ ಬಿಡು. ಅಷ್ಟರಲ್ಲಿ ಕೈಕಾಲು ತೊಳೆದು ಒಂದು ಲೋಟ ಕಾಫಿ ಕುಡಿಯಬಹುದು. ತಿರುಗಿ ಬಂದು ಬಟ್ಟೆ ತೆಗೆದರೆ ಮುಕ್ಕಾಲುಪಾಲು ಕಲೆ ತಾನಾಗಿ ಬಿಟ್ಟುಕೊಂಡಿರುತ್ತದೆ. ಇನ್ನೂ ಜಗ್ಗದಿದ್ದರೆ ಮತ್ತೊಮ್ಮೆ ಹೊದಿಸು. ಜೋರು ಮಾಡುವ ಅಗತ್ಯ ಎಂದೂ ಬೀಳುವುದಿಲ್ಲ.

ಆಮೇಲೆ ವೈಸರನ್ನು ಹೆಲ್ಮೆಟ್ಟಿನಿಂದ ಬಿಚ್ಚು. ಈಗಿನವುಗಳಲ್ಲಿ ಪಕ್ಕದ ಗುಂಡಿ ಒತ್ತಿದರೆ ಕಳಚಿ ಬರುತ್ತದೆ, ಕೆಲವಕ್ಕೆ ಸ್ಕ್ರೂ ಇರುತ್ತದೆ. ನಲ್ಲಿಯ ಸಣ್ಣ ಧಾರೆಗೆ ಹಿಡಿದು ದೂಳೆಲ್ಲ ಹರಿದುಹೋಗಲು ಬಿಡು. ಒಂದು ಮಗ್ಗು ನೀರಿಗೆ ಒಂದೆರಡು ಹನಿ ಬೇಬಿ ಶಾಂಪೂ ಅಥವಾ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಬೆರಳ ತುದಿಯಿಂದಲೇ ಸವರು, ಒಂದು ಕಣ ಮರಳು ಉಳಿದಿದ್ದರೂ ಬೆರಳಿಗೆ ಗೊತ್ತಾಗುತ್ತದೆ, ಬಟ್ಟೆಗೆ ಗೊತ್ತಾಗುವುದಿಲ್ಲ. ನೊರೆ ಪೂರಾ ಹೋಗುವ ತನಕ ತೊಳೆ. ಬೋರ್‌ವೆಲ್ ನೀರಾದರೆ ಒಣಗಿದ ಮೇಲೆ ಬಿಳಿ ಚುಕ್ಕೆ ಉಳಿಯುತ್ತದೆ. ಕೊನೆಗೆ ಒಂದು ಲೋಟ ಫಿಲ್ಟರ್ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಸುರಿ. ಕನ್ನಡಕದ ಜೊತೆ ಕೊಡುತ್ತಾರಲ್ಲ, ಅಂಥ ನುಣುಪು ಬಟ್ಟೆಯನ್ನು ಒತ್ತಿ ಒತ್ತಿ ನೀರು ಹೀರಿಸು, ಉಜ್ಜಬೇಡ. ಆ ಬಟ್ಟೆಯನ್ನು ಬೇರೆ ಯಾವ ಕೆಲಸಕ್ಕೂ ಬಳಸದೆ, ಮುಚ್ಚಳವಿರುವ ಡಬ್ಬಿಯಲ್ಲಿಡು. ಚೈನಿಗೆ ಎಣ್ಣೆ ಹಾಕಿದ ಬಟ್ಟೆ ಅದರ ಹತ್ತಿರವೂ ಸುಳಿಯಬಾರದು.

ಇನ್ನು, ನಿನಗೆ ಸ್ನೇಹಿತರು ಹೇಳಿಕೊಡುವ ಉಪಾಯಗಳ ವಿಚಾರ. ಗೀರು ಹೋಗಲು ಟೂತ್‌ಪೇಸ್ಟ್ ಹಚ್ಚು ಅನ್ನುತ್ತಾರೆ. ಪೇಸ್ಟಿನಲ್ಲಿರುವುದು ಸವೆಸುವ ಪುಡಿ. ಗೀರಿನ ಸುತ್ತಲಿನ ಲೇಪವನ್ನೂ ಸವೆಸಿ ಅಲ್ಲೊಂದು ಮಸುಕು ಪಟ್ಟೆ ಮಾಡುತ್ತದೆ. ಹಗಲು ನುಣ್ಣಗೆ ಕಂಡದ್ದು ರಾತ್ರಿ ಎದುರಿನ ಹೆಡ್‌ಲೈಟ್ ಬಿದ್ದಾಗ ಬೆಳ್ಳಗೆ ಹರಡಿಕೊಳ್ಳುತ್ತದೆ. ಪಾತ್ರೆ ತಿಕ್ಕುವ ಪುಡಿ, ಸ್ಕ್ರಬ್ಬರ್, ನ್ಯೂಸ್‌ಪೇಪರ್, ಸೀಗೆಪುಡಿ ಎಲ್ಲಕ್ಕೂ ಇದೇ ಮಾತು. ಕಿಟಕಿ ಗಾಜಿಗೆ ಹೊಡೆಯುವ ಸ್ಪ್ರೇಗಳಲ್ಲಿ ಅಮೋನಿಯಾ ಇದ್ದರೆ ಅದೂ ಪಾಲಿಕಾರ್ಬೊನೇಟಿಗೆ ಆಗದು. ಸ್ಯಾನಿಟೈಸರ್ ಲೇಪವನ್ನು ಕೆಡಿಸಬಹುದು. ಸೊಳ್ಳೆಗೆಂದು ಕೈಗೆ ಹಚ್ಚುವ ಕೆಲವು ಕ್ರೀಮುಗಳಲ್ಲಿರುವ ಡೀಟ್ ಎಂಬ ರಾಸಾಯನಿಕ ಎಷ್ಟೋ ಪ್ಲಾಸ್ಟಿಕ್ಕುಗಳನ್ನು ಮೆತ್ತಗೆ ಮಾಡುತ್ತದೆ, ಹಚ್ಚಿದ ಕೈಯಲ್ಲಿ ವೈಸರ್ ಹಿಡಿಯಬೇಡ. ಎಲ್ಲಕ್ಕಿಂತ ನನಗೆ ಭಯವಿರುವುದು ಪೆಟ್ರೋಲು, ಥಿನ್ನರ್, ನೈಲ್ ಪಾಲಿಷ್ ರಿಮೂವರುಗಳದ್ದು. ಸ್ಟಿಕರಿನ ಅಂಟು ತೆಗೆಯಲೆಂದು ಪೆಟ್ರೋಲಿನಲ್ಲಿ ಒರೆಸುವವರನ್ನು ಎಷ್ಟೋ ಕಂಡಿದ್ದೇನೆ. ವೈಸರಿನೊಳಗೆ ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ, ಒಂದು ದಿನ ಸಣ್ಣ ಪೆಟ್ಟಿಗೇ ಒಡೆಯುತ್ತದೆ. ಹೆಲ್ಮೆಟ್ಟಿನ ಒಳಗಿನ ಥರ್ಮಾಕೋಲಿಗೆ ತಾಗಿದರಂತೂ ಅದು ಕರಗಿಯೇ ಹೋಗುತ್ತದೆ. ಬಿದ್ದಾಗ ತಲೆಗೆ ಬರುವ ಪೆಟ್ಟನ್ನು ತಾನು ಕುಸಿದು ನುಂಗಿಕೊಳ್ಳುವುದು ಆ ಥರ್ಮಾಕೋಲೇ ಕಣಮ್ಮ.

ಮಂಜಿನ ಕಷ್ಟ ನಿನಗೆ ಜೂನ್ ಬಂದೊಡನೆ ಗೊತ್ತಾಗುತ್ತದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯಲು ಹೊರಟರೆ ಹೊರಗೂ ಮಂಜು, ಒಳಗೂ ಮಂಜು. ಹೊರಗಿನದಕ್ಕೆ ನಿಧಾನವಾಗಿ ಹೋಗುವುದೊಂದೇ ದಾರಿ. ಒಳಗಿನದು ನಿನ್ನದೇ ಉಸಿರು. ಬಿಸಿ ಉಸಿರಿನ ತೇವ ತಣ್ಣನೆಯ ಪ್ಲಾಸ್ಟಿಕ್ಕಿಗೆ ತಾಗಿ ಸಾವಿರ ಪುಟ್ಟ ಹನಿಗಳಾಗಿ ಕೂರುತ್ತದೆ, ಬೆಳಕು ಅವುಗಳಲ್ಲಿ ಚೆದುರಿ ಎದುರಿನದು ಕಾಣದಾಗುತ್ತದೆ. ಸಾಬೂನಿನ ತೆಳು ಪೊರೆ ಇದ್ದರೆ ನೀರು ಹನಿ ಕಟ್ಟದೆ ಹಾಳೆಯ ಹಾಗೆ ಹರಡಿಕೊಳ್ಳುತ್ತದೆ, ನೋಟ ತಿಳಿಯಾಗಿರುತ್ತದೆ. ಒಂದೇ ಹನಿ ಬೇಬಿ ಶಾಂಪೂವನ್ನು ಒಳಮೈಗೆ ಬೆರಳಿನಿಂದ ಸವರಿ, ಒಣಗಲು ಬಿಟ್ಟು, ಮೆತ್ತನೆಯ ಬಟ್ಟೆಯಿಂದ ಕಾಣದಷ್ಟು ತೆಳುವಾಗುವ ತನಕ ಹಗುರವಾಗಿ ಸವರು. ಹೆಚ್ಚು ಹಚ್ಚಿದರೆ ತೇವಕ್ಕೆ ಕರಗಿ ಕಣ್ಣಿಗಿಳಿಯುತ್ತದೆ. ಬೇಬಿ ಶಾಂಪೂ ಎಂದು ನಾನು ಒತ್ತಿ ಹೇಳುತ್ತಿರುವುದು ಅದಕ್ಕೇ. ಪ್ರತಿ ಸಲ ಮಳೆಯಲ್ಲಿ ಹೋಗಿಬಂದ ಮೇಲೆ ಮತ್ತೆ ಹಚ್ಚಬೇಕಾಗುತ್ತದೆ. ಆಲೂಗಡ್ಡೆ ಕತ್ತರಿಸಿ ಉಜ್ಜುವುದನ್ನೂ ಹೇಳುತ್ತಾರೆ, ಅದರ ಗಂಜಿ ಒಣಗಿ ಮಸುಕಾಗುತ್ತದೆ, ಬೇಡ.

ಆದರೆ ಮೊದಲು ನಿನ್ನ ವೈಸರಿಗೆ ಕಂಪನಿಯೇ ಮಂಜು ತಡೆಯುವ ಲೇಪ ಕೊಟ್ಟಿದೆಯೇ ಎಂದು ಹೆಲ್ಮೆಟ್ ಜೊತೆ ಬಂದ ಚೀಟಿಯಲ್ಲಿ ನೋಡು. ಕೊಟ್ಟಿದ್ದರೆ ಒಳಮೈಗೆ ಬರೀ ನೀರು, ತೇವದ ಬಟ್ಟೆ ಅಷ್ಟೇ. ಆ ಲೇಪ ಹೊರಗಿನದಕ್ಕಿಂತಲೂ ನಾಜೂಕು. ಮಂಜು ತಡೆಯಲು ಒಳಗೆ ಸಿಕ್ಕಿಸುವ ಪಿನ್‌ಲಾಕ್ ಪದರಕ್ಕೂ ಇದೇ ನಿಯಮ.

ಹೊರಮೈಯಿಂದ ಮಳೆಹನಿ ಬೇಗ ಜಾರಲೆಂದು ಕೆಲವರು ಕೊಬ್ಬರಿ ಎಣ್ಣೆ ಸವರುತ್ತಾರೆ. ದೂಳು ಅದಕ್ಕೆ ಮೆತ್ತಿಕೊಳ್ಳುತ್ತದೆ, ರಾತ್ರಿ ಪ್ರತಿ ದೀಪಕ್ಕೂ ಬಾಲ ಮೂಡುತ್ತದೆ. ಸವೆಸುವ ಪುಡಿ ಇಲ್ಲದ, ಪ್ಲಾಸ್ಟಿಕ್ಕಿಗೆ ಆಗುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವ ಕಾರಿನ ವ್ಯಾಕ್ಸ್ ನಿಮ್ಮಪ್ಪನ ಹತ್ತಿರ ಇದ್ದರೆ, ತೊಳೆದು ಒಣಗಿಸಿದ ಹೊರಮೈಗೆ ಚೂರೇ ಚೂರು ಹಚ್ಚಿ ಒರೆಸಬಹುದು. ಇಲ್ಲದಿದ್ದರೂ ನಷ್ಟವಿಲ್ಲ, ಶುಭ್ರವಾದ ವೈಸರೇ ಅರ್ಧ ಕೆಲಸ ಮಾಡುತ್ತದೆ. ದಾರಿಯಲ್ಲಿ ಲಾರಿ ಕೆಸರು ಎರಚಿದರೆ ಗ್ಲೌಸಿನಿಂದ ಒರೆಸಿಕೊಳ್ಳಬೇಡ. ಬೈಕನ್ನು ಪಕ್ಕಕ್ಕೆ ಹಾಕಿ, ಬಾಟಲಿಯ ನೀರು ಸುರಿದು ಹೊರಡು. ಐದು ನಿಮಿಷ ತಡವಾದರೆ ಮನೆಯಲ್ಲಿ ಯಾರೂ ಬೈಯುವುದಿಲ್ಲ.

ಹೆಲ್ಮೆಟ್ ಬಿಚ್ಚಿದಾಗ ಮುಖ ಕೆಳಗಾಗಿ ಇಡಬೇಡ, ಬೈಕಿನ ಕನ್ನಡಿಗೆ ತೂಗುಹಾಕಲೂ ಬೇಡ. ಹಳೆಯ ದಿಂಬಿನ ಚೀಲ ಒಂದಿದ್ದರೆ ಅದರೊಳಗೆ ಹಾಕಿಡು.

ಇಷ್ಟೆಲ್ಲ ಮಾಡಿದರೂ ವೈಸರಿಗೆ ಆಯುಸ್ಸು ಇದ್ದೇ ಇದೆ. ರಾತ್ರಿ ಬೀದಿದೀಪದ ಕೆಳಗೆ ನಿಂತು ಅದರ ಮೂಲಕ ದೀಪವನ್ನೇ ನೋಡು. ದೀಪದ ಸುತ್ತ ಜೇಡರ ಬಲೆಯಂತೆ ಗೆರೆಗಳು ಎದ್ದರೆ ಅದರ ಕಾಲ ಮುಗಿಯಿತು. ಯಾವ ಶಾಂಪೂ, ಯಾವ ಪಾಲಿಷ್ ಅದನ್ನು ಹಿಂದಕ್ಕೆ ತರುವುದಿಲ್ಲ. ಹೊಸದು ಕೊಳ್ಳುವಾಗ ಅದೇ ಕಂಪನಿಯ, ಅದೇ ಮಾಡೆಲ್ಲಿನದು ಕೊಳ್ಳು, ಬೇರೆಯದು ಸರಿಯಾಗಿ ಕೂರದೆ ಗಾಳಿಗೆ ಏಳುತ್ತದೆ. ಕಪ್ಪು ವೈಸರ್ ನೋಡಲು ಚೆನ್ನ ಎಂದು ನಿನ್ನ ವಯಸ್ಸಿನವರೆಲ್ಲ ಹಾಕುತ್ತಾರೆ. ಯುರೋಪಿನ ಹೆಲ್ಮೆಟ್ ನಿಯಮದ ಪ್ರಕಾರ ಶೇ. 80ಕ್ಕಿಂತ ಕಡಿಮೆ ಬೆಳಕು ಬಿಡುವ ವೈಸರಿನ ಮೇಲೆ ‘ಹಗಲಿಗೆ ಮಾತ್ರ’ ಎಂದು ಗುರುತು ಹಾಕಬೇಕು. ಕಾಡಿನ ರಸ್ತೆಯಲ್ಲಿ ಕತ್ತಲಾದ ಮೇಲೆ ಬರುವವಳು ನೀನು.

ನಿನ್ನದನ್ನಂತೂ ಈಗಲೇ ಬದಲಾಯಿಸಬೇಕು. ಹೆಲ್ಮೆಟ್ಟಿನ ಹಿಂಬದಿಯ ಐಎಸ್‌ಐ ಗುರುತಿನ ಹತ್ತಿರ, ಇಲ್ಲವೇ ಒಳಗಿನ ಚೀಟಿಯಲ್ಲಿ ಮಾಡೆಲ್ ಹೆಸರು, ಸೈಜು ಇರುತ್ತದೆ. ಫೋಟೋ ತೆಗೆದು ಕಳಿಸು. ಮಳೆಗಾಲ ಹಿಡಿಯುವ ಮೊದಲೇ ಬಣ್ಣವಿಲ್ಲದ ವೈಸರ್ ಒಂದನ್ನು ನಾನೇ ತರಿಸಿಡುತ್ತೇನೆ, ಮುಂದಿನ ಶನಿವಾರ ಬಂದಾಗ ಇಬ್ಬರೂ ಕೂತು ಹಾಕೋಣ.

ನಿನ್ನ ಮಾವ